ಕಾಡುಕುರಿಯ ಜಾಡು, ಕುರಿಮಂದೆಯ ಬೇನೆ

ಮೊದಲ ದಿನ: ಶಿವಮೊಗ್ಗದಿಂದ ಶೆಟ್ಟಿಹಳ್ಳಿಯ ಅಂಚಿಗೆ

ನಮ್ಮ ಮಲೆನಾಡಿನ ಕಾಡುಕುರಿ ಹೆಸರಿನಲ್ಲಿ ಮಾತ್ರ ಕುರಿ. ಅದು ಒಂಟಿಯಾಗಿ ತಿರುಗುವ, ಗಾಬರಿಯಾದಾಗ ನಾಯಿಯ ಹಾಗೆ ಬೊಗಳುವ, ಕಂದುಗೆಂಪು ಮೈಯ ಪುಟ್ಟ ಜಿಂಕೆ. ಬಯಲಿನತ್ತ ವಾಲಿದ ಒಣಕಾಡುಗಳ ಕೊಂಡುಕುರಿಯೂ ಕುರಿಯಲ್ಲ. ಗಂಡಿಗೆ ನಾಲ್ಕು ಕೊಂಬು ಮೂಡುವ, ಭಾರತ ಮತ್ತು ನೇಪಾಳಗಳನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಬದುಕಿಲ್ಲದ ಹುಲ್ಲೆ. ಆದರೂ ನಮ್ಮ ಹಿರಿಯರು ಇವೆರಡನ್ನೂ ಕುರಿಯ ನೆಂಟರೆಂದೇ ಕರೆದರು. ಪಶುವೈದ್ಯನಾದ ನನಗೆ ಆ ಹೆಸರು ಒಂದು ಎಚ್ಚರಿಕೆಯಂತೆ ಕೇಳಿಸುತ್ತದೆ. ಕುರಿ ಮೇಕೆಗಳನ್ನು ಕೊಲ್ಲುವ ಹಿರೇಬೇನೆ, ಅಂದರೆ ಪಿಪಿಆರ್, ಹಟ್ಟಿಯ ಬೇಲಿಯೊಳಗೇ ನಿಲ್ಲುವ ರೋಗವಲ್ಲ. ಟಿಬೆಟ್ಟಿನ ನೀಲಿಕುರಿಗಳಲ್ಲಿ ಅದು 2007ರಲ್ಲಿ ಕಾಣಿಸಿಕೊಂಡಿತು. ಮಂಗೋಲಿಯಾದ ಹುಲ್ಲುಗಾವಲಿನ ಸೈಗಾ ಹುಲ್ಲೆಗಳನ್ನು 2016ರ ಕೊನೆಯಿಂದ ಸಾವಿರಾರು ಸಂಖ್ಯೆಯಲ್ಲಿ ಕೊಂದಿತು. ಎರಡೂ ಕಡೆ ಸಾಕಿದ ಮಂದೆ ಮೇಯುವ ನೆಲವೂ ಕಾಡುಪ್ರಾಣಿ ಮೇಯುವ ನೆಲವೂ ಒಂದೇ ಆಗಿದ್ದವು. ಶಿವಮೊಗ್ಗದ ಸುತ್ತಲೂ ಅಂಥ ನೆಲ ಬೇಕಾದಷ್ಟಿದೆ.

ಸಂಕ್ರಾಂತಿ ಕಳೆದ ವಾರದಲ್ಲಿ ನಾವು ನಾಲ್ವರು ಹೊರಟೆವು. ಕಾಡುಪ್ರಾಣಿಗಳ ಹಿಕ್ಕೆಯಿಂದ ರೋಗಾಣು ಪತ್ತೆಹಚ್ಚುವ ಕೆಲಸದಲ್ಲಿ ಪಳಗಿದ ಸಂಶೋಧಕಿ, ಮೂವತ್ತು ವರ್ಷ ಹಳ್ಳಿಹಳ್ಳಿ ಸುತ್ತಿ ನಿವೃತ್ತರಾದ ಹಿರಿಯ ಪಶುವೈದ್ಯರು, ನಾನು ಮತ್ತು ನಮ್ಮ ಚಾಲಕ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೈಯಲ್ಲಿತ್ತು. ಮೊದಲು ಭದ್ರಾವತಿ ಕಡೆಯ ಗದ್ದೆಬಯಲಿನಲ್ಲಿ ಬೀಡುಬಿಟ್ಟ ಕುರಿಮಂದೆಗಳನ್ನು ನೋಡಿ, ಆಮೇಲೆ ಕಾಡಿಗೆ ಹೋಗುವುದೆಂದು ನಾನು ಬರೆದಿಟ್ಟಿದ್ದ ಕಾರ್ಯಕ್ರಮವನ್ನು ಹಿರಿಯರು ತಿರುಗುಮುರುಗು ಮಾಡಿಸಿದರು. ಹಟ್ಟಿಯ ಗೊಬ್ಬರ ಮೆತ್ತಿದ ಬೂಟಿನಲ್ಲಿ ಕಾಡಿನ ನೀರುಗುಂಡಿಗೆ ಹೋದರೆ ರೋಗ ಹುಡುಕಲು ಹೋದವರೇ ರೋಗ ಹೊತ್ತವರಾಗುತ್ತೇವೆ ಎಂಬುದು ಅವರ ಮಾತು. ಪಿಪಿಆರ್ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆಯೊಂದಿದ್ದು, ಸಾಬೂನಿನ ನೀರಿಗೆ ಅದು ಕರಗಿ ವೈರಸ್ಸು ನಿಷ್ಕ್ರಿಯವಾಗುತ್ತದೆ; ಬಿಸಿಲಿನಲ್ಲೂ ಅದು ಹೆಚ್ಚು ಹೊತ್ತು ಬಾಳದು. ಹಾಗಿದ್ದರೂ ಕಾಡು ಮೊದಲು, ಹಟ್ಟಿ ಕೊನೆಗೆ ಎಂಬ ಕ್ರಮವೇ ಸರಿ ಎಂದು ನಾನು ಒಪ್ಪಿದೆ.

ತುಂಗೆಯ ದಂಡೆ ಹಿಡಿದು ಗಾಜನೂರು, ಸಕ್ರೆಬೈಲು ದಾಟುವಾಗ ಬಿಡಾರದ ಆನೆಗಳು ನೀರಿಗಿಳಿದಿದ್ದವು. ಸಂಜೆ ನಮ್ಮ ಬಿಡಾರ ತಲುಪಿ ಕೊಳವೆಗಳಿಗೆ ಗುರುತಿನ ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆ ತುಂಬಿಸಿ ಮಲಗಿದೆವು.

ಎರಡನೆಯ ದಿನ: ಶೆಟ್ಟಿಹಳ್ಳಿ ಕಾಡಿನೊಳಗೆ

ಬೆಳಕು ಹರಿಯುವ ಮುನ್ನ ಕಾವಲುಗಾರರೊಬ್ಬರು ಬಂದು ಕೂಡಿಕೊಂಡರು. ಹೊರಡುವ ಮೊದಲು ನಾವೆಲ್ಲ ಕೈಕಾಲು, ಕುತ್ತಿಗೆಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಸವರಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿದೆವು. ಪುಷ್ಯ ಮಾಸದಿಂದ ಮುಂಗಾರಿನವರೆಗೆ ಮಲೆನಾಡಿನ ತರಗೆಲೆಯಲ್ಲಿ ಎಳ್ಳಿನಷ್ಟು ಸಣ್ಣ ಉಣುಗುಗಳು ಕಾದಿರುತ್ತವೆ. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಹೆಚ್ಚಾಗಿ ಆ ಮರಿ ಉಣುಗುಗಳೇ.

ಶೆಟ್ಟಿಹಳ್ಳಿ ಅಭಯಾರಣ್ಯವಾಗಿ ಘೋಷಣೆಯಾದದ್ದು 1974ರಲ್ಲಿ. ಶರಾವತಿ ಯೋಜನೆಯಲ್ಲಿ ಮನೆ ಗದ್ದೆ ಮುಳುಗಿದ ಕುಟುಂಬಗಳಲ್ಲಿ ಕೆಲವನ್ನು ಅದಕ್ಕೂ ಮೊದಲೇ ಈ ಕಾಡಿನ ನಡುವೆ ತಂದು ನೆಲೆಗೊಳಿಸಲಾಗಿತ್ತು. ಹಾಗಾಗಿ ಇಲ್ಲಿ ಕಾಡು ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಮಲೆನಾಡು ಗಿಡ್ಡ ದನಗಳು ಬೆಳಿಗ್ಗೆ ಕೊಟ್ಟಿಗೆಯಿಂದ ಹೊರಟು ತಾವಾಗಿ ಕಾಡು ಮೇಯ್ದು ಸಂಜೆ ತಾವಾಗಿ ಮರಳುತ್ತವೆ. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ನಾಲ್ಕಾರು ಮೇಕೆಗಳಿವೆ. ಪಿಪಿಆರ್ ವೈರಸ್ಸು ದನಕ್ಕೆ ಹೊಕ್ಕರೂ ದನ ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ, ರೋಗವನ್ನು ಮುಂದಕ್ಕೂ ಹರಡುವುದಿಲ್ಲ. ಮೇಕೆಯ ಮಾತು ಹಾಗಲ್ಲ. ಅದು ಸೊಪ್ಪು ಮೇಯುವ ಪ್ರಾಣಿ. ಕಾಡುಕುರಿಗೂ ಚಿಗುರು, ಸೊಪ್ಪು, ಉದುರಿದ ಹಣ್ಣುಗಳೇ ಬೇಕು. ಒಂದೇ ಪೊದೆಗೆ ಎರಡೂ ಬಾಯಿ ಹಾಕುತ್ತವೆ.

ಕಾಡುಪ್ರಾಣಿಯ ಜಾಡು ಹಿಡಿಯುವುದೆಂದರೆ ಪ್ರಾಣಿಯನ್ನು ನೋಡುವುದೆಂದೇ ಹಲವರು ತಿಳಿಯುತ್ತಾರೆ. ಐದು ದಿನಗಳಲ್ಲಿ ನಾವು ಕಾಡುಕುರಿಯನ್ನು ಕಣ್ಣಾರೆ ಕಂಡದ್ದು ಎರಡೇ ಸಲ, ಅದೂ ಬಾಲದಡಿಯ ಬಿಳುಪು ಮಾತ್ರ. ಅದಕ್ಕೆ ಅರಿವಳಿಕೆ ಕೊಟ್ಟು ಹಿಡಿದು ರಕ್ತ ತೆಗೆಯುವುದು ನಮ್ಮ ಉದ್ದೇಶವಾಗಿರಲಿಲ್ಲ. ಅಷ್ಟು ಅಂಜುಬುರುಕ ಪ್ರಾಣಿಯನ್ನು ಹಾಗೆ ಹಿಡಿದರೆ ಭಯಕ್ಕೇ ಅದು ಸತ್ತುಹೋಗಬಹುದು, ಮತ್ತು ಹಿಕ್ಕೆಯಿಂದ ತಿಳಿಯಬಹುದಾದ ಸಂಗತಿಗಾಗಿ ಒಂದು ಜೀವವನ್ನು ಪಣಕ್ಕಿಡುವುದು ತಪ್ಪೆಂದು ನಾನು ದೃಢವಾಗಿ ನಂಬಿದ್ದೇನೆ. ಪಿಪಿಆರ್ ತಗಲಿದ ಪ್ರಾಣಿಯ ಕಣ್ಣು, ಮೂಗು, ಬಾಯಿಯ ಸ್ರಾವದಲ್ಲಿಯೂ ಸಗಣಿಯಲ್ಲಿಯೂ ವೈರಸ್ಸು ಹೊರಬರುತ್ತದೆ. ಹೊಸ ಹಿಕ್ಕೆ ಸಿಕ್ಕರೆ ಅದರೊಳಗಿನ ವೈರಸ್ಸಿನ ಆರ್‌ಎನ್‌ಎ ತುಣುಕುಗಳನ್ನು ಪ್ರಯೋಗಾಲಯದಲ್ಲಿ ಹುಡುಕಬಹುದು. ಆ ಆರ್‌ಎನ್‌ಎ ಬಿಸಿಲಿಗೆ ಬೇಗ ಹಾಳಾಗುವುದರಿಂದ ಬೆಳಗಿನ ಇಬ್ಬನಿ ಆರುವುದರೊಳಗೆ ಹಿಕ್ಕೆ ಕೊಳವೆ ಸೇರಬೇಕು; ಮೇಲೆ ಲೋಳೆಯ ಹೊಳಪಿರುವುದನ್ನು ಮಾತ್ರ ಆರಿಸಬೇಕು; ಒಂದೊಂದು ಗುಡ್ಡೆಗೂ ಹೊಸ ಕೈಗವಸು, ಹೊಸ ಚಿಮಟ ಬೇಕು.

ಕಾವಲುಗಾರರ ಕಣ್ಣು ನಮ್ಮ ಉಪಕರಣಗಳಿಗಿಂತ ಚುರುಕಾಗಿತ್ತು. ಹಳ್ಳದ ಒದ್ದೆ ಮರಳಿನಲ್ಲಿ ಎರಡು ಬೆರಳಗಲದ ಗೊರಸಿನ ಗುರುತು ತೋರಿಸಿ, "ಇದು ರಾತ್ರಿ ನೀರಿಗೆ ಬಂದದ್ದಲ್ಲ, ಈಗ ಹೋದದ್ದು, ಅಂಚಿನ ಮರಳು ಇನ್ನೂ ಕುಸಿದಿಲ್ಲ" ಎಂದರು. ಐವತ್ತು ಹೆಜ್ಜೆ ಮುಂದೆ ಮತ್ತಿ ಮರದ ಬುಡದಲ್ಲಿ ಬಿಸಿಯಾರದ ಹಿಕ್ಕೆ ಸಿಕ್ಕಿತು. ಸಂಶೋಧಕಿ ಮಂಡಿಯೂರಿ ಅದನ್ನು ತೆಗೆಯುತ್ತಿದ್ದಾಗ ಬಿದಿರುಮೆಳೆಯ ಆಚೆಯಿಂದ ಒರಟಾದ ಬೊಗಳು ಕೇಳಿಬಂತು. ಒಂದು, ಸ್ವಲ್ಪ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ನಾವು ಉಸಿರು ಬಿಗಿಹಿಡಿದು ನಿಂತೆವು. ಆ ಕೂಗಿನಲ್ಲಿ ಕೆಮ್ಮು ಬೆರೆತಿದೆಯೇ ಎಂದು ನಾನು ಕಿವಿಗೊಟ್ಟು ಕೇಳುತ್ತಿದ್ದೆ; ವೃತ್ತಿಯ ಅಭ್ಯಾಸ ಎಲ್ಲಿ ಹೋದರೂ ಬಿಡುವುದಿಲ್ಲ. ಕೂಗು ಸ್ವಚ್ಛವಾಗಿತ್ತು.

ಮಧ್ಯಾಹ್ನ ನೀರುಗುಂಡಿಯೊಂದರ ಬಳಿ ಎರಡು ಕ್ಯಾಮರಾ ಕಟ್ಟಿದೆವು. ಪ್ರಾಣಿ ಬಗ್ಗಿ ನೀರು ಕುಡಿಯುವಾಗ ಅದರ ಮುಖವೂ ತಿರುಗುವಾಗ ಹಿಂಭಾಗವೂ ಚಿತ್ರದಲ್ಲಿ ಸಿಗುವಂತೆ ಕೋನ ಹೊಂದಿಸಲು ಒಂದು ಗಂಟೆ ಹಿಡಿಯಿತು. ಮೂಗಿನ ಹೊಳ್ಳೆಯಲ್ಲಿ ಗಟ್ಟಿಯಾದ ಸಿಂಬಳ, ಕಣ್ಣಿನ ಪಿಸುರು, ಭೇದಿಯಿಂದ ಅಂಟಾದ ಹಿಂದೊಡೆ, ಇಳಿಬಿದ್ದ ತಲೆ: ಹಟ್ಟಿಯ ಕುರಿಯಲ್ಲಿ ನಾವು ಹತ್ತು ಮಾರು ದೂರದಿಂದಲೇ ಗುರುತಿಸುವ ಈ ಚಿಹ್ನೆಗಳನ್ನು ಕಾಡಿನಲ್ಲಿ ಗುರುತಿಸಲು ಇಷ್ಟೆಲ್ಲ ಏರ್ಪಾಡು ಬೇಕು.

ರಾತ್ರಿ ಹಿರಿಯರು ಹೇಳಿದ ಮಾತೊಂದು ನನ್ನನ್ನು ನಿದ್ದೆಗೆ ಬಿಡಲಿಲ್ಲ. ಕುರಿ ಹಟ್ಟಿಯಲ್ಲಿ ಸತ್ತರೆ ಕುರಿಗಾಹಿ ಎಣಿಸುತ್ತಾನೆ, ಅಳುತ್ತಾನೆ, ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತಾನೆ. ಒಂಟಿಯಾಗಿ ಬದುಕುವ ಕಾಡುಕುರಿ ಒಂಟಿಯಾಗಿಯೇ ಸಾಯುತ್ತದೆ. ಮರುದಿನದೊಳಗೆ ಸೀಳುನಾಯಿ, ಕಾಡುಹಂದಿಗಳು ಅದರ ಗುರುತನ್ನೂ ಉಳಿಸುವುದಿಲ್ಲ. ಸೈಗಾಗಳ ಸಾವು ಜಗತ್ತಿಗೆ ತಿಳಿದದ್ದು ಅವು ಬಯಲಿನಲ್ಲಿ ಹಿಂಡುಹಿಂಡಾಗಿ ಬಿದ್ದದ್ದರಿಂದ. ನಮ್ಮ ಕಾಡಿನ ಬಿದಿರುಮೆಳೆಯ ಕೆಳಗೆ ನಡೆಯುವ ಸಾವಿಗೆ ಸಾಕ್ಷಿಯೇ ಇರುವುದಿಲ್ಲ.

ಮೂರನೆಯ ದಿನ: ತೀರ್ಥಹಳ್ಳಿ ಕಡೆಗೆ

ಬೆಳಿಗ್ಗೆ ಮಂಜುಪೆಟ್ಟಿಗೆ ತೆರೆದಾಗ ಹಿಂದಿನ ದಿನದ ಆರು ಕೊಳವೆಗಳ ಚೀಟಿಯ ಶಾಯಿ ನೀರಿಗೆ ಕರಗಿ ಹೋಗಿತ್ತು. ಚೀಟಿ ಬರೆದವನು ನಾನೇ. ಯಾವ ಹಿಕ್ಕೆ ಯಾವ ಹಳ್ಳದ್ದೆಂದು ತಿಳಿಯದ ಮಾದರಿಗೆ ಬೆಲೆಯಿಲ್ಲವಾದ್ದರಿಂದ ಆರನ್ನೂ ಪಟ್ಟಿಯಿಂದ ತೆಗೆದುಹಾಕಿ, ಉಳಿದವುಗಳ ಮೇಲೆ ಸೀಸದಕಡ್ಡಿಯಿಂದ ಮತ್ತೆ ಬರೆದೆ.

ಮಂಡಗದ್ದೆ ದಾಟಿ ತೀರ್ಥಹಳ್ಳಿ ಕಡೆಗೆ ಹೋದಂತೆ ಕಾಡು ದಟ್ಟವಾಗುತ್ತದೆ, ಕುರಿಮಂದೆಗಳು ಇಲ್ಲವಾಗುತ್ತವೆ. ಮಳೆ ಹೆಚ್ಚಿರುವ ಈ ನೆಲ ಕುರಿಗೆ ಒಗ್ಗುವುದಿಲ್ಲ. ಕಾಲಿನ ಗೊರಸು ಕೊಳೆಯುತ್ತದೆ, ಹೊಟ್ಟೆಯಲ್ಲಿ ಜಂತು ತುಂಬುತ್ತದೆ. ಕಾಡುಕುರಿ ಮಾತ್ರ ಇಲ್ಲಿ ಅಡಿಕೆ ತೋಟದ ಅಂಚಿಗೂ ಬರುತ್ತದೆ. ರೋಗವಿರುವ ಜಾಗದ ಮಾದರಿಗೆ ಅರ್ಥ ಬರಬೇಕಾದರೆ ಕುರಿಯ ಸಂಪರ್ಕವೇ ಇಲ್ಲದ ಜಾಗದ ಮಾದರಿಯೂ ಜೊತೆಗಿರಬೇಕು. ಅದಕ್ಕಾಗಿಯೇ ಇಲ್ಲಿಗೆ ಬಂದಿದ್ದೆವು.

ನಾವು ಊಟಕ್ಕೆ ನಿಂತ ಮನೆಯ ಅಜ್ಜಿ ನಮ್ಮ ಕೊಳವೆಗಳನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ಎಲ್ಲಾದರೂ ಮಂಗ ಸತ್ತಿದೆಯಾ?" ಎಂದು. ಶಿವಮೊಗ್ಗ ಜಿಲ್ಲೆಯವರಿಗೆ ಕಾಡಿನ ಪ್ರಾಣಿಯ ಸಾವನ್ನು ಸುದ್ದಿಯೆಂದು ಕಾಣುವುದನ್ನು ಯಾರೂ ಕಲಿಸಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗರಿಗೆ ಜ್ವರ ಬಂದಾಗ, ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದರು. ಸಿಕ್ಕಿದ್ದು ಹೊಸದೇ ವೈರಸ್ಸು. ಆ ಕಾಡಿನ ಹೆಸರೇ ರೋಗಕ್ಕೆ ನಿಂತಿತು. ಇಂದಿಗೂ ಮಂಗ ಸತ್ತ ಸುದ್ದಿ ಬಂದೊಡನೆ ಸುತ್ತಲಿನ ನೆಲಕ್ಕೆ ಉಣುಗು ಕೊಲ್ಲುವ ಪುಡಿ ಎರಚಿ, ಊರಿನವರನ್ನು ಎಚ್ಚರಿಸುವ ಪದ್ಧತಿಯಿದೆ. ಸತ್ತ ಮಂಗಕ್ಕೆ ಇರುವ ಈ ಎಚ್ಚರ ಸತ್ತ ಕಾಡುಕುರಿಗೂ ಸಿಕ್ಕರೆ ನಮ್ಮ ಕೆಲಸ ಅರ್ಧ ಮುಗಿದಂತೆ. ಹಾಗೆಂದು ಅಜ್ಜಿಗೆ ವಿವರಿಸಿದಾಗ ಅವರು ತಮ್ಮ ಮೊಮ್ಮಗನನ್ನು ಕರೆದು ನನ್ನ ದೂರವಾಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಸಿದರು.

ನಾಲ್ಕನೆಯ ದಿನ: ಲಕ್ಕವಳ್ಳಿ, ಭದ್ರೆಯ ದಂಡೆ

ಭದ್ರಾ ಜಲಾಶಯದ ಬದಿಯ ಕಾಡು ತೆರೆದ ಕಾಡು. ತೇಗ, ಮತ್ತಿ, ಹೊನ್ನೆಗಳ ನಡುವೆ ಹುಲ್ಲು ಒಣಗಿ ನಿಂತಿತ್ತು, ಹಿನ್ನೀರಿನ ಅಂಚಿನಲ್ಲಿ ಮಾತ್ರ ಹಸಿರು. ಆ ಹಸಿರಿನಲ್ಲಿ ಸಾರಗಗಳ ದೊಡ್ಡ ಹಿಂಡು, ಸ್ವಲ್ಪ ದೂರದಲ್ಲಿ ಬಿಳಿ ಕಾಲುಚೀಲ ತೊಟ್ಟಂಥ ಏಳು ಕಾಟಿಗಳು. ದೂರದರ್ಶಕದಲ್ಲಿ ಒಂದೊಂದನ್ನೂ ಕಾಲಿನಿಂದ ಮೂಗಿನವರೆಗೆ ನೋಡಿ ಬರೆದುಕೊಂಡೆವು. ಕುಂಟುವುದು ಒಂದೂ ಇರಲಿಲ್ಲ.

ಹಿರಿಯರು ಇಲ್ಲಿ ಮೌನವಾಗಿದ್ದರು. 1980ರ ದಶಕದ ಕೊನೆಯಲ್ಲಿ ದನಗಳನ್ನು ಕೊಲ್ಲುವ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಭದ್ರಾ ಕಾಡಿಗೆ ನುಗ್ಗಿ ಕಾಟಿಗಳನ್ನು ಕೊಂದ ಕಾಲ ಅವರಿಗೆ ನೆನಪಿದೆ. ದೊಡ್ಡರೋಗದ ವೈರಸ್ಸು ಪಿಪಿಆರ್ ವೈರಸ್ಸಿನ ಹತ್ತಿರದ ಬಂಧು. ಮನುಷ್ಯರ ದಡಾರ, ನಾಯಿಗಳ ಡಿಸ್ಟೆಂಪರ್ ಕೂಡ ಅದೇ ಕುಲದವು. ಆಗ ಈ ಕಾಡಿನೊಳಗೆ ಹಳ್ಳಿಗಳಿದ್ದವು, ಹಳ್ಳಿಗಳಲ್ಲಿ ದನಗಳಿದ್ದವು. ಮುಂದೆ ಎರಡು ಸಂಗತಿಗಳು ನಡೆದವು. ದನಗಳಿಗೆ ಊರೂರು ಸುತ್ತಿ ಲಸಿಕೆ ಹಾಕಿದ್ದರಿಂದ 1995ರ ಬಳಿಕ ಭಾರತದಲ್ಲಿ ದೊಡ್ಡರೋಗ ಕಾಣಲಿಲ್ಲ, 2011ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಇತ್ತ 2002ರ ಹೊತ್ತಿಗೆ ಭದ್ರಾ ಕಾಡಿನೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗಿನ ನೆಲೆಗಳಿಗೆ ಹೋದವು, ಅವರೊಂದಿಗೆ ದನಗಳೂ ಹೋದವು. ನಾವು ಎಣಿಸಿದ ಕಾಟಿಗಳು ಆ ಎರಡು ಸಂಗತಿಗಳ ಫಲವನ್ನು ಉಣ್ಣುತ್ತಿರುವವು. ಕಾಡಿನ ಒಂದು ಕಾಟಿಗೂ ಯಾರೂ ಸೂಜಿ ಚುಚ್ಚಲಿಲ್ಲ ಎಂಬುದನ್ನು ಗಮನಿಸಬೇಕು. ಕೊಟ್ಟಿಗೆಯ ದನ ರೋಗದಿಂದ ಪಾರಾದದ್ದೇ ಕಾಟಿ ಪಾರಾಗಲು ಸಾಕಾಯಿತು.

ಸಂಜೆ ಒಣಕಾಡಿನ ಹಾದಿಯ ಪಕ್ಕ ಒಂದೇ ಕಡೆ ಹಲವು ದಿನಗಳ ಹಿಕ್ಕೆ ಗುಡ್ಡೆಯಾಗಿ ಬಿದ್ದಿರುವುದನ್ನು ಕಂಡೆವು. ಕೆಳಗಿನದು ಬಿಳಿಚಿ ಪುಡಿಯಾಗಿತ್ತು, ಮೇಲಿನದು ಕಪ್ಪಾಗಿ ಹೊಳೆಯುತ್ತಿತ್ತು. ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದು ಕೊಂಡುಕುರಿಯ ಸ್ವಭಾವ. ಸಂಶೋಧಕಿಯ ಮುಖ ಅರಳಿತು. ಆದರೂ ಅವರು ಪುಸ್ತಕದಲ್ಲಿ ಕೊಂಡುಕುರಿ ಎಂದು ಬರೆಯಲಿಲ್ಲ. "ಪ್ರಾಣಿ: ಡಿಎನ್‌ಎ ಪರೀಕ್ಷೆಯ ಬಳಿಕ" ಎಂದಷ್ಟೇ ಬರೆದರು. ಆ ಸಂಯಮ ನನಗೆ ಬಹಳ ಹಿಡಿಸಿತು.

ಐದನೆಯ ದಿನ: ಭದ್ರಾವತಿ ಬಯಲಿನ ಕುರಿಹಟ್ಟಿ

ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಚಿತ್ರದುರ್ಗ, ದಾವಣಗೆರೆ ಸೀಮೆಯ ಮಂದೆಗಳು ಬೀಡುಬಿಟ್ಟಿದ್ದವು. ರಾತ್ರಿ ಗದ್ದೆಯಲ್ಲಿ ಕುರಿ ತರುಬಿದರೆ ಹಿಕ್ಕೆ, ಗಂಜಳ ನೆಲಕ್ಕೆ ಸೇರುತ್ತದೆ. ಅದಕ್ಕೆ ಗದ್ದೆಯವರು ಕುರಿಗಾಹಿಗೆ ಹಣವನ್ನೋ ಭತ್ತವನ್ನೋ ಕೊಡುತ್ತಾರೆ. ನಾವು ಹೋದ ಹಟ್ಟಿಯಲ್ಲಿ ಮೂರು ಮನೆಯವರ ಕುರಿಗಳು ಕೂಡಿದ್ದವು. ಬಲೆಯ ಬೇಲಿಯೊಳಗೆ ಎಳೆಮರಿಗಳು, ಪಕ್ಕದಲ್ಲಿ ಸಾಮಾನು ಹೊರುವ ಎರಡು ಕುದುರೆಗಳು, ಮೂರು ಕಲ್ಲಿನ ಒಲೆಯ ಮೇಲೆ ಮುದ್ದೆಯ ಎಸರು.

ಹಿರಿಯ ಕುರಿಗಾಹಿ ಕಂಬಳಿ ಹಾಸಿ ಕೂರಿಸಿ, ಕೇಳುವ ಮೊದಲೇ ಹೇಳಿದರು. ಕಳೆದ ವರ್ಷ ಸಂತೆಯೊಂದರಿಂದ ಇಪ್ಪತ್ತು ಕುರಿ ಕೊಂಡು ಮಂದೆಗೆ ಸೇರಿಸಿದ ವಾರದಲ್ಲೇ ಮೈ ಸುಡುವ ಜ್ವರ ಶುರುವಾಯಿತು. ಮೂಗು ಸೋರಿತು, ತುಟಿಯೊಳಗೆ ಹುಣ್ಣಾಗಿ ಹೊಟ್ಟು ಉದುರಿಸಿದಂತಾಯಿತು, ಆಮೇಲೆ ಭೇದಿ. ದೊಡ್ಡ ಕುರಿಗಳಲ್ಲಿ ಕೆಲವು ಚೇತರಿಸಿಕೊಂಡವು, ಗಬ್ಬದವು ಕಂದು ಹಾಕಿದವು, ಮರಿಗಳು ಉಳಿಯಲಿಲ್ಲ. ಇದು ಹಿರೇಬೇನೆಯ ಪಾಠಪುಸ್ತಕದ ಲಕ್ಷಣವೇ. ರೋಗಾಣು ಹೊಕ್ಕ ನಾಲ್ಕರಿಂದ ಆರು ದಿನಗಳಲ್ಲಿ ಜ್ವರ ಏರುತ್ತದೆ. ಸತ್ತವನ್ನು ಏನು ಮಾಡಿದಿರಿ ಎಂದು ಹಿರಿಯರು ಮೆಲ್ಲಗೆ ಕೇಳಿದರು. ಕುರಿಗಾಹಿ ಕಾಡಂಚಿನ ಕಡೆಗೆ ಕೈ ತೋರಿಸಿದರು. ಬೇಸಿಗೆಯ ಗಟ್ಟಿ ನೆಲ, ಬೇರೆಯವರ ಜಮೀನು, ಗುಂಡಿ ತೋಡುವ ಆಳಿಲ್ಲ. ಕಾಲುವೆಯಾಚೆಯ ಹಳ್ಳಕ್ಕೆ ಹಾಕಿ ಬಂದಿದ್ದರು. ಅದೇ ಹಳ್ಳಕ್ಕೆ ಬೇಸಿಗೆಯಲ್ಲಿ ಸಾರಗ, ಕಾಡುಕುರಿ ನೀರಿಗೆ ಬರುವುದನ್ನು ತಾವು ನೋಡಿರುವುದಾಗಿ ಅವರೇ ಹೇಳಿದರು. ಹೇಳಿದ ಮೇಲೆ ತಮ್ಮ ಮಾತಿನ ಅರ್ಥ ಅವರಿಗೇ ಹೊಳೆದು ಸುಮ್ಮನಾದರು. ಅವರನ್ನು ದೂರುವ ಮನಸ್ಸು ನನಗೆ ಬರಲಿಲ್ಲ. ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗುವ ಮಂದೆ ಯಾವ ಊರಿನ ಲಸಿಕೆಯ ಪಟ್ಟಿಗೂ ಸೇರದೆ ಉಳಿಯುತ್ತದೆ. ಶಿಬಿರ ನಡೆಯುವ ದಿನ ಅವರು ಇನ್ನೊಂದು ತಾಲ್ಲೂಕಿನಲ್ಲಿರುತ್ತಾರೆ. ಸುಣ್ಣ ಹಾಕಿ ಹೂಳಲು ಒಂದಿಷ್ಟು ಪಂಚಾಯಿತಿ ನೆಲ, ತೋಡಲು ಒಂದು ಯಂತ್ರದ ಅರ್ಧ ಗಂಟೆ ಸಿಕ್ಕಿದ್ದರೆ ಅವರು ಹಳ್ಳಕ್ಕೆ ಹಾಕುತ್ತಿರಲಿಲ್ಲ.

ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ಇಂದು ನಮ್ಮಲ್ಲಿ ಬಳಕೆಯಲ್ಲಿರುವ ಲಸಿಕೆಯ ತಳಿಗಳಲ್ಲಿ ಒಂದಕ್ಕೆ ಅದೇ ಊರಿನ ಹೆಸರು, ಇನ್ನೊಂದಕ್ಕೆ ಹಿಮಾಚಲದ ಸುಂಗ್ರಿಯ ಹೆಸರು. ಒಂದು ಚುಚ್ಚುಮದ್ದು ಕೆಲವು ವರ್ಷಗಳ ರಕ್ಷಣೆ ಕೊಡುತ್ತದೆ. 2030ರೊಳಗೆ ಜಗತ್ತಿನಿಂದಲೇ ಪಿಪಿಆರ್ ತೊಲಗಿಸುವ ಗುರಿಯನ್ನು 2015ರಲ್ಲಿ ಹಾಕಿಕೊಂಡದ್ದು ಇಂಥ ಲಸಿಕೆಯ ಬಲದಿಂದಲೇ. ಆದರೆ ಒಣಪುಡಿಯ ರೂಪದ ಆ ಲಸಿಕೆಯನ್ನು ದ್ರಾವಣದಲ್ಲಿ ಕಲಸಿದ ಮೇಲೆ ಮಂಜಿನಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಗದ್ದೆಬಯಲಿನ ಬಿಸಿಲಿನಲ್ಲಿ ಆ ಗಡಿಯಾರ ಬಹಳ ಬೇಗ ಓಡುತ್ತದೆ.

ನಾವು ಇಲಾಖೆಯವರೊಂದಿಗೆ ಮೊದಲೇ ಮಾತನಾಡಿ ಲಸಿಕೆ ತಂದಿದ್ದೆವು. ಮಂದೆಯಲ್ಲಿ ಜ್ವರದ ಪ್ರಾಣಿ ಇಲ್ಲವೆಂದು ಖಚಿತಪಡಿಸಿಕೊಂಡು, ಮೂಗು ಸೋರುತ್ತಿದ್ದ ಎರಡು ಕುರಿಗಳನ್ನು ಬೇರೆ ಕಟ್ಟಿ ಅವುಗಳ ಸ್ರಾವ ತೆಗೆದುಕೊಂಡು, ಹತ್ತು ಗಂಟೆಗೆ ಮೊದಲ ಶೀಶೆ ಒಡೆದೆವು. ಇಬ್ಬರು ಹುಡುಗರು ಕುರಿ ಹಿಡಿದು ತಂದರು, ಕುರಿಗಾಹಿಯ ಹೆಂಡತಿ ಚುಚ್ಚಿದವಕ್ಕೆ ಕೆಮ್ಮಣ್ಣಿನ ಗುರುತು ಹಚ್ಚಿದರು, ನಾನೂ ಹಿರಿಯರೂ ಸರದಿಯಲ್ಲಿ ಚರ್ಮದಡಿಗೆ ಒಂದೊಂದು ಮಿಲಿಲೀಟರು ಹಾಕುತ್ತ ಹೋದೆವು. ನಾಲ್ಕು ತಿಂಗಳು ತುಂಬದ ಮರಿಗಳನ್ನು ಬಿಟ್ಟೆವು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಅವುಗಳಲ್ಲಿ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಆ ಮರಿಗಳ ಸರದಿ ಬರುವಾಗ ಮಂದೆ ಎಲ್ಲಿರುತ್ತದೆ ಎಂದು ಕೇಳಿದ್ದಕ್ಕೆ, ಯುಗಾದಿಯ ಹೊತ್ತಿಗೆ ತರೀಕೆರೆ ದಾಟಿರುತ್ತೇವೆ ಎಂದರು. ಸಂಶೋಧಕಿ ಅಲ್ಲಿಯ ಪಶು ಆಸ್ಪತ್ರೆಯ ಸಂಖ್ಯೆಯನ್ನು ಕುರಿಗಾಹಿಯ ಮೊಬೈಲಿನಲ್ಲಿ ಕೂಡಿಸಿ, ಹುಡುಗನಿಗೆ ತೋರಿಸಿಕೊಟ್ಟರು.

ಕೊನೆಯ ಶೀಶೆಯಲ್ಲಿ ಉಳಿದ ಲಸಿಕೆಯನ್ನು ಒಲೆಯ ಎಸರಿನ ಪಕ್ಕ ಬೇರೆ ಪಾತ್ರೆಯಲ್ಲಿ ಕುದಿಸಿ ಚೆಲ್ಲಿದೆವು. ಹಿಕ್ಕೆಯ ಕೊಳವೆಗಳಿದ್ದ ಪೆಟ್ಟಿಗೆಗೆ ಹೊಸ ಮಂಜುಗಡ್ಡೆ ತುಂಬಿ ಚಾಲಕ ಹಗ್ಗ ಬಿಗಿದರು. ನಾವು ಬಕೆಟ್ಟಿನ ಸಾಬೂನು ನೀರಿನಲ್ಲಿ ಬೂಟು ತಿಕ್ಕುತ್ತಿದ್ದಾಗ, ಕೆಮ್ಮಣ್ಣಿನ ಬೊಟ್ಟಿಟ್ಟುಕೊಂಡ ಮಂದೆ ಕಾಲುವೆಯ ಏರಿ ಹತ್ತಿ ಮೇವಿಗೆ ಹೊರಟಿತ್ತು. ಹುಡುಗ ಕೋಲು ಅಡ್ಡ ಹಿಡಿದು ಅದನ್ನು ಹಳ್ಳದ ಕಡೆಗೆ ಹೋಗದಂತೆ ಗದ್ದೆಬಯಲಿನತ್ತ ತಿರುಗಿಸಿದ.